ಗೆರೆ ಮನೇಲಿ ಒಂದು ದಿನ

"ಅಜ್ಜಯ್ಯ, ಮನೆ ಕಟ್ಟಿಸೋರ ಮನಸ್ಸಿಗೆ ಒಪ್ಪೋ ಹಂಗೆ ಮನೆ ಕಟ್ಟೋದು ಹೆಂಗೆ?" ಅಂತ ತಿಪ್ಪೇಶಿ ಮಠದ ಸ್ವಾಮಿಗಳನ್ನ ಕೇಳಿದ.

ತಿಪ್ಪೇಶಿ ಮನೆ ಕಟ್ಟೋ ಕಂಟ್ರಾಕ್ಟ್ರು. ಹತ್ತು ವರ್ಷದಿಂದ ಮಠಕ್ಕೆ ನಡ್ಕೊಳ್ಳೋ ಶಿಷ್ಯ. ಕೆಲಸಗಾರ ಕೆಟ್ಟವನಲ್ಲ. ಆದರೆ ಬಾಯಿ ತೆಗೆದರೆ ಬರೋದು ಒಂದೇ ಮಾತು, "ಆಯ್ತು ಬಿಡಿ, ಮಾಡ್ಕೊಡ್ತೀನಿ." ಮಹಡಿ ಮೇಲೆ ಬಾವಿ ಬೇಕು ಅಂದ್ರೂ ಅವನಿಗೆ ಅದೇ ಮಾತು. ಆಮೇಲೆ ಗೃಹಪ್ರವೇಶದ ದಿನ ಹೋಳಿಗೆ ಎಲೆ ಮುಂದೆ ಕೂತವನನ್ನ ಮನೆಯೋರು ಎಬ್ಬಿಸಿಕೊಂಡು ಹೋಗಿ, ಇದು ಎಲ್ಲಿ, ಅದು ಎಲ್ಲಿ ಅಂತ ಜಾಡಿಸೋರು. ಕಟ್ಟಿದ್ದು ಐದು ಮನೆ. ನಾಕು ಮನೆಯೋರು ದಾರೀಲಿ ಕಂಡರೆ ಮುಖ ತಿರುಗಿಸ್ತಾರೆ. ಐದನೆಯೋರು ಊರು ಬಿಟ್ಟು ಹೋಗಿದಾರೆ.

ಈಗ ಮಠದ ಊಟದ ಮನೆ ಕಟ್ಟೋ ಕೆಲಸ ಅವನಿಗೇ ಬಂದಿತ್ತು. "ಒಂದೇ ಪಂಕ್ತೀಲಿ ಇನ್ನೂರು ಜನ ಕೂತು ಉಣ್ಣಬೇಕು ಕಣಪ್ಪ" ಅಂತ ಅಜ್ಜಯ್ಯ ಅಂದಿದ್ದರು. "ಆಯ್ತು ಬಿಡಿ ಅಜ್ಜಯ್ಯ, ಮಾಡ್ಕೊಡ್ತೀನಿ" ಅಂತ ತಿಪ್ಪೇಶಿ ಕಾಲಿಗೆ ಬಿದ್ದು ಎದ್ದಿದ್ದ. ಆ ಜಾಗ ನೂರಿಪ್ಪತ್ತು ಎಲೆಗಿಂತ ಹೆಚ್ಚು ಹಿಡಿಯಲ್ಲ ಅಂತ ಟೇಪು ಹಿಡಿದವನಿಗೆ ಗೊತ್ತಿತ್ತು. ಹಂಗಂತ ಹೇಳಿದ್ರೆ ಕೆಲಸ ಇನ್ನೊಬ್ಬನ ಪಾಲಾಗುತ್ತೆ ಅನ್ನೋದೂ ಗೊತ್ತಿತ್ತು. ಅವತ್ತು ಬೆಳಗ್ಗೆ ಪಾಯಕ್ಕೆ ಸುಣ್ಣದ ಗೆರೆ ಎಳೆದು, ಕೈ ಸಹ ತೊಳೆಯದೆ ಬಂದು ಜಗಲಿ ಮೇಲೆ ಕೂತಿದ್ದ.

ಅಜ್ಜಯ್ಯ ಅವನ ಕೈ ಕಡೆ ನೋಡಿದ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ಮೇಸ್ತ್ರಿ ಇದ್ದ. ಕೆಲಸ ಜಾಸ್ತಿ, ಮಾತು ಕಮ್ಮಿ. ಅದೇ ಊರಲ್ಲಿ ಒಬ್ಬ ಬಳೆ ವ್ಯಾಪಾರಿ. ಇಪ್ಪತ್ತು ವರ್ಷ ಬಾಡಿಗೆ ಮನೇಲಿ ಕಳೆದು, ಕೊನೆಗೂ ಅಂಗೈಯಗಲ ಒಂದು ಸೈಟು ಮಾಡ್ಕೊಂಡಿದ್ದ. ಮನೇಲಿ ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ.

ಆ ತಾಯಿಗೆ ಸೊಂಟ ಹೋಗಿತ್ತು. ಬಾಡಿಗೆ ಮನೇಲಿ ಕಕ್ಕಸು ಇದ್ದದ್ದು ಹಿತ್ತಲ ಕೊನೇಲಿ. ಹೋಗಬೇಕು ಅಂದಾಗೆಲ್ಲ ಸೊಸೇನ ಕೂಗಬೇಕು. ಸೊಸೆ ಒಳ್ಳೆಯವಳೇ, ಮುಖ ಸಿಂಡರಿಸಿದವಳಲ್ಲ. ಆದ್ರೂ ಕೂಗೋಕೆ ನಾಚಿಕೆ. ಅದಕ್ಕೇ ಮುದುಕಿ ನೀರು ಕುಡಿಯೋದನ್ನೇ ಕಮ್ಮಿ ಮಾಡಿದ್ಲು. ಹೊಸ ಮನೆ ಅಂದ್ರೆ ಅವಳಿಗೆ ಒಂದೇ ಆಸೆ. ಯಾರನ್ನೂ ಕೂಗದೆ ಎದ್ದು ಹೋಗಿ ಬರಬೇಕು. ಅದನ್ನ ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ವ್ಯಾಪಾರಿ ಆಸೆ ಬೇರೆ. ಅವನ ಷಡ್ಡಕನ ಮನೇಲಿ, ನಡುಮನೆ ಮಧ್ಯದಲ್ಲಿ, ಹಿತ್ತಾಳೆ ಸರಪಣಿ ಉಯ್ಯಾಲೆ ಇತ್ತು. ಹಬ್ಬಕ್ಕೆ ಹೋದಾಗೆಲ್ಲ ಷಡ್ಡಕ ಅದರ ಮೇಲೆ ಕೂತು ತೂಗಿಕೊಳ್ತಾನೇ "ಬಾರಯ್ಯ" ಅನ್ನೋನು. ಇವನು ಕೆಳಗೆ ಚಾಪೆ ಮೇಲೆ. ಆ ಉರಿ ಇವನ ಹೊಟ್ಟೇಲಿ ಎಂಟು ವರ್ಷದಿಂದ ಕೂತಿತ್ತು. ಷಡ್ಡಕನ ಸೈಟಿನ ಅಳತೆ ತನ್ನದರ ಮೂರರಷ್ಟು ಅನ್ನೋದು ಮಾತ್ರ ತಲೆಗೆ ಹತ್ತಿರಲಿಲ್ಲ.

ನನಗೂ ನಡುಮನೇಲಿ ಅಂಥದೇ ಉಯ್ಯಾಲೆ ಬೇಕು, ಆಗುತ್ತಾ ಅಂತ ವ್ಯಾಪಾರಿ ಮೂರು ಜನ ಮೇಸ್ತ್ರಿಗಳನ್ನ ಕೇಳಿದ. ಮೂವರೂ ಸೈಟು ನೋಡದೇ ಆಗುತ್ತೆ ಅಂದ್ರು. ನಾಕನೆಯವನು ಈ ಮಾತು ಕಮ್ಮಿ ಮೇಸ್ತ್ರಿ. ಸೈಟನ್ನ ಎರಡು ಸುತ್ತು ಸುತ್ತಿದ. ಉಯ್ಯಾಲೆ ಬಂದ್ರೆ ಮನೆ ಉಳಿಯಲ್ಲ ಅಂತ ಕಂಡಿತು. ಹಂಗಂತ ಹೇಳಿದ್ರೆ ವ್ಯಾಪಾರಿ ಎದ್ದು ಹೋಗ್ತಾನೆ ಅಂತಾನೂ ಕಂಡಿತು. ಆಗುತ್ತೆ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಸುಮ್ಮನೆ ಸುಣ್ಣ ತಗೊಂಡು, ವ್ಯಾಪಾರಿ ಹೆಂಗೆ ಹೇಳಿದನೋ ಹಂಗೇ, ಒಂದು ಗೇಣೂ ಆಚೀಚೆ ಮಾಡದೆ ಗೆರೆ ಎಳೆದ. ನಡುಮನೆ ಮಧ್ಯೆ ಎರಡು ಬಿದಿರು ಗಳು ನೆಟ್ಟು, ಹಗ್ಗ ಕಟ್ಟಿ ಒಂದು ಹಲಗೆ ಉಯ್ಯಾಲೆಯನ್ನೂ ತೂಗುಹಾಕಿದ.

"ನಾಳೆ ಮನೆಮಂದಿ ಎಲ್ಲಾ ಬನ್ನಿ" ಅಂದ. "ಮಂಚ, ಬೀರು, ಒಲೆ, ಪಾತ್ರೆ, ಎಲ್ಲಾ ತನ್ನಿ. ಹೊತ್ತು ಮುಳುಗೋ ತನಕ ಇಲ್ಲೇ ಇರಿ. ಬಾಗಿಲು ಅಂತ ಬಿಟ್ಟಿರೋ ಕಡೇನೇ ಓಡಾಡಬೇಕು. ಗೆರೆ ದಾಟಂಗಿಲ್ಲ."

"ಗೋಡೆ ಇಲ್ಲದ ಮನೇಲಿ ಸಂಸಾರ ಮಾಡು ಅಂತೀಯಲ್ಲ, ತಲೆ ನೆಟ್ಟಗಿದೆಯಾ ಮೇಸ್ತ್ರಿ?"

"ಗೋಡೆ ಎದ್ದ ಮೇಲೆ ಮಾಡಿದ್ರೆ ಈ ತಲೆ ಉಳಿಯಲ್ಲ ಸಾವ್ಕಾರ್ರೆ."

ಮಾರನೇ ದಿನ ಎತ್ತಿನ ಗಾಡೀಲಿ ಸಾಮಾನು ಬಂತು. ಬಯಲಲ್ಲಿ ಮಂಚ ಬಿತ್ತು, ಒಲೆ ಹತ್ತಿತು. ಬೀದಿ ಹೆಂಗಸರೆಲ್ಲ ಮಾಳಿಗೆ ಹತ್ತಿ ನಿಂತ್ರು. ಒಬ್ಬಳು, "ಬಾಗಿಲು ಹಾಕ್ಕೊಳ್ರೇ, ನಾಯಿ ನುಗ್ಗೀತು" ಅಂದ್ಲು. ಇನ್ನೊಬ್ಬಳು, "ಬಣ್ಣ ಚೆನ್ನಾಗಿದೆ ಕಣೇ, ಆಕಾಶದ್ದು" ಅಂದ್ಲು. ವ್ಯಾಪಾರಿ ಏನೂ ಕೇಳಿಸದವನ ಹಂಗೆ ಉಯ್ಯಾಲೆ ಮೇಲೆ ಕೂತು ಕಾಲು ಬಿಟ್ಟ. ಮೇಸ್ತ್ರಿ ಬೇವಿನ ಮರದ ಕೆಳಗೆ ಎಲೆ ಅಡಿಕೆ ಹಾಕ್ಕೊಂಡು ಕೂತ.

ಮಕ್ಕಳು ಉಯ್ಯಾಲೆ ಜೀಕಿದ್ರು. ಜೀಕಿದಾಗೆಲ್ಲ ಹಲಗೆ ಗೆರೆ ದಾಟಿ ಅಡುಗೆಮನೆಗೆ ಬಂದು ಹೋಗ್ತಿತ್ತು.

"ರೀ, ಇಲ್ಲಿ ಗೋಡೆ ಬಂದ ಮೇಲೆ ಮಕ್ಕಳ ಮೊಣಕಾಲು ಎಲ್ಲಿಗೆ ಹೋಗುತ್ತೆ?" ಅಂತ ಹೆಂಡತಿ ಸಾರಿಗೆ ಒಗ್ಗರಣೆ ಹಾಕ್ತಾ ಕೇಳಿದ್ಲು.

"ಮೆಲ್ಲಗೆ ಜೀಕ್ರೋ" ಅಂದ ವ್ಯಾಪಾರಿ.

ಮಧ್ಯಾಹ್ನದ ಹೊತ್ತಿಗೆ ಮುದುಕಿ ಕೋಲು ಹಿಡ್ಕೊಂಡು ಎದ್ದಳು. ಕಕ್ಕಸು ಅಂತ ಗೆರೆ ಎಳೆದ ಮೂಲೆಗೆ ಹೋಗಿ ನೋಡಿ ಬರ್ತೀನಿ ಅಂದ್ಲು. ಕೋಣೆ ಬಾಗಿಲು ದಾಟಿದ್ಲು. ಉಯ್ಯಾಲೆಗೂ ಬೀರುವಿಗೂ ಮಧ್ಯೆ ಸಿಕ್ಕಿಕೊಂಡ್ಲು. ಹಗ್ಗ ಹಿಡಿದ್ರೆ ಹಗ್ಗ ತೂಗಿತು. ಹೆಂಗೋ ಈಚೆ ಬಂದ್ಲು. ಅಲ್ಲಿಂದ ಅಡುಗೆಮನೆ ಹೊಕ್ಕು, ಒಲೆ ಸುತ್ತಿ, ಹಿಂದಕ್ಕೆ ಹೋಗಬೇಕು. ಅಷ್ಟಕ್ಕೆ ಕಾಲು ಸೋತಿತು. ಕಣ್ಣೆದುರಿಗೇ ಕಕ್ಕಸು, ನಡುವೆ ಒಂದೇ ಗೆರೆ. ಮುದುಕಿ ಗೆರೆ ಮುಂದೆ ನಿಂತ್ಲು.

"ದಾಟಿ ಹೋಗವ್ವ, ಪರವಾಗಿಲ್ಲ" ಅಂದ ವ್ಯಾಪಾರಿ.

"ಇಲ್ಲಿ ಗೋಡೆ ಅಲ್ವೇನಪ್ಪ" ಅಂದ್ಲು ಮುದುಕಿ. ಆಮೇಲೆ ಮೆಲ್ಲಗೆ, "ನಿನ್ನ ಹೆಂಡ್ತೀನ ಕರಿ" ಅಂದ್ಲು.

ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದ ಮಗನಿಗೆ ಕಾಣದ್ದು ಸೂರಿಲ್ಲದ ಮನೇಲಿ ಕಾಣಿಸ್ತು. ಅವನು ಉಯ್ಯಾಲೆಯಿಂದ ಇಳಿದ. ಗೆರೇನ ಕಾಲಲ್ಲೇ ಒರೆಸಿದ.

"ಕಕ್ಕಸನ್ನ ಅವ್ವನ ಕೋಣೆ ಮಗ್ಗುಲಿಗೆ ತಾ ಮೇಸ್ತ್ರಿ."

"ತಂದ್ರೆ ಉಯ್ಯಾಲೆ ಜಾಗ ಹೋಗುತ್ತೆ."

"ಹೋಗ್ಲಿ."

ಮೇಸ್ತ್ರಿ ಎದ್ದು ಬಂದ. ಹೊತ್ತು ಮುಳುಗೋದ್ರೊಳಗೆ ಗಂಡ ಹೆಂಡತಿ ಸೇರಿ ಏಳು ಸಲ ಗೆರೆ ಅಳಿಸಿದ್ರು, ಇವನು ಏಳು ಸಲ ಎಳೆದ. ಮುಖ ಗಂಟು ಹಾಕಲಿಲ್ಲ. ಸುಣ್ಣ ಅಳಿಸೋದು ಗೋಡೆ ಕೆಡವಿದಷ್ಟು ಕಷ್ಟವೇನಲ್ಲ ಅಂತ ಅವನಿಗೆ ಗೊತ್ತಿತ್ತು. ಹೋಗೋ ಮುಂಚೆ ಒಂದು ಮಾತು ಹೇಳಿದ.

"ಪಾಯ ಮೇಲೆ ಬಂದ ದಿನ ಇದು ಮನೆಯೋ ಕುರಿ ದೊಡ್ಡಿಯೋ ಅನ್ನಿಸುತ್ತೆ. ಬಯಲಲ್ಲಿ ಎಲ್ಲಾ ಸಣ್ಣದಾಗೇ ಕಾಣೋದು. ಆವತ್ತು ನನ್ನ ಬೈಯೋಕೆ ಬರ್ತೀರಿ. ಬೈದು ಹೋಗಿ, ಅಳತೆ ಮುಟ್ಟಬೇಡಿ. ಚಾವಣಿಗೆ ಮೋಲ್ಡ್ ಹಾಕಿದ ಮೇಲೆ ಮೂರು ವಾರ ಸುಮ್ಮನೆ ನೀರು ಹೊಡೀತಾ ಕೂರ್ತೀನಿ. ಕೆಲಸ ನಿಂತದ್ದು ನೋಡಿ, ಮೇಸ್ತ್ರಿ ಓಡಿಹೋದ ಅಂತ ಊರು ಅನ್ನುತ್ತೆ. ಆವಾಗಲೂ ಬನ್ನಿ."

ಪಾಯ ಎದ್ದಿತು. ಮೂರನೇ ದಿನ ವ್ಯಾಪಾರಿ ಕೆಂಡದಂಗೆ ಬಂದ, ಬೈದ. ಮೇಸ್ತ್ರಿ ಕರಣೆ ಕೆಳಗಿಡದೆ, "ಎರಡು ದಿನ ತಡ ಮಾಡಿದ್ರಲ್ಲ ಸಾವ್ಕಾರ್ರೆ" ಅಂದ. ವ್ಯಾಪಾರಿಗೆ ನಗು ತಡೆಯೋಕಾಗಲಿಲ್ಲ. ಮೋಲ್ಡ್ ಆದ ಮೇಲೆ ಊರು ಅಂದದ್ದನ್ನ ಅವನು ಕಿವಿಗೇ ಹಾಕ್ಕೊಳ್ಳಲಿಲ್ಲ.

ಗೃಹಪ್ರವೇಶಕ್ಕೆ ಷಡ್ಡಕ ಬಂದ. ಮೂಲೆ ಮೂಲೆ ನೋಡಿ, "ಮನೆ ಸ್ವಲ್ಪ ಸಣ್ಣದಾಯ್ತು" ಅಂದ.

"ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ನಾವು ಇಷ್ಟೇ ಇದ್ದದ್ದು" ಅಂದ ವ್ಯಾಪಾರಿ.

ಅತ್ತ ಮುದುಕಿ ಮಂಚದ ಮೇಲೆ ಕೂತು ಎರಡು ಲೋಟ ಪಾನಕ ಕುಡಿದು, ಮೂರನೇದಕ್ಕೆ ಕೈ ಚಾಚಿದ್ಲು. ಮೇಸ್ತ್ರಿ ಬಾಗಿಲಲ್ಲಿ ನಿಂತು ಅದೊಂದನ್ನ ನೋಡಿ, ಹೋಳಿಗೆಗೆ ಕೂತ. ಅವನನ್ನ ಎಲೆ ಮುಂದಿಂದ ಯಾರೂ ಎಬ್ಬಿಸಲಿಲ್ಲ.

ಅಜ್ಜಯ್ಯ ಕತೆ ನಿಲ್ಲಿಸಿದ್ರು.

ತಿಪ್ಪೇಶಿ ಕಣ್ಣಲ್ಲಿ ನೀರು ಆಡಿತು. "ಎಂಥಾ ಮೇಸ್ತ್ರಿ ಅಜ್ಜಯ್ಯ. ಒಂದು ದಿನಕ್ಕೂ ಇಲ್ಲ ಅಂತ ಬಾಯಲ್ಲಿ ಅನ್ನಲಿಲ್ಲ, ಹೌದು ಅಂತ ಸುಳ್ಳೂ ಹೇಳಲಿಲ್ಲ. ಇನ್ಮೇಲೆ ನಾನೂ ಹಂಗೇ ಮಾಡ್ತೀನಿ" ಅಂದ.

"ನಾಳೆ ಅಮಾವಾಸ್ಯೆ ಊಟಕ್ಕೆ ಇನ್ನೂರು ಎಲೆ ತರಿಸಿದೀನಿ, ನೀನೇ ನಿಂತು ನಿನ್ನ ಗೆರೆ ಒಳಗೆ ಹಾಕಿಸು" ಅಂದ್ರು ಅಜ್ಜಯ್ಯ.

ತಿಪ್ಪೇಶಿ ತನ್ನ ಕೈ ಮೇಲಿನ ಸುಣ್ಣ ನೋಡ್ಕೊಂಡ. ಆಯ್ತು ಅನ್ನೋ ಮಾತು ಬಾಯಿಗೆ ಬರಲಿಲ್ಲ.