ಜೇಡ ಹೆಣೆದ ಷೇರುಪೇಟೆ

ಕಾಡಿನವರ ಕೈ ಪಳಗಲೆಂದು ಜೇಡ ಕಂಪ್ಯೂಟರಿನಲ್ಲಿ ಷೇರುಪೇಟೆಯ ಆಟವೊಂದನ್ನು ಹೆಣೆದಿತ್ತು. ಅದರಲ್ಲಿ ಗೆದ್ದೂ ಗೆದ್ದೂ ಬೀಗಿದ ಅಳಿಲು, ಮಳೆಗಾಲಕ್ಕೆಂದು ಕೂಡಿಟ್ಟ ಕಡಲೆಕಾಯಿಯನ್ನೆಲ್ಲ ಮೂಟೆ ಕಟ್ಟಿ ನಿಜವಾದ ಪೇಟೆಗೆ ಹೊರಟಿತು.

ಅನುಮಾನ ಬಂದು ಜೇಡ ಪ್ರೋಗ್ರಾಂ ಬಿಚ್ಚಿ ನೋಡಿತು. ನೋಡಿ ಎಂಟೂ ಕೈಗಳಿಂದ ಹಣೆ ಚಚ್ಚಿಕೊಂಡಿತು.

"ನಿಲ್ಲು ಮಾರಾಯ! ತಪ್ಪು ನನ್ನದೇ. ಪ್ರತಿ ಆಟದಲ್ಲೂ ಬೆಲೆ ಅದೇ ದಾರಿಯಲ್ಲಿ ಏರಿಳಿಯುತ್ತಿದೆ. ನೀನು ಕಲಿತದ್ದು ವ್ಯಾಪಾರವಲ್ಲ, ಬಾಯಿಪಾಠ."

"ನಾನು ಗೆದ್ದರೆ ನಿನಗೇಕಕ್ಕಾ ಹೊಟ್ಟೆಕಿಚ್ಚು?"

ಜೇಡ ಹಲ್ಲುಕಚ್ಚಿಕೊಂಡು ತಪ್ಪನ್ನು ತಿದ್ದಿ, "ಈಗ ಆಡು," ಎಂದಿತು. ಅಳಿಲು ಆಡಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಟದ ಬಂಡವಾಳವೆಲ್ಲ ಕರಗಿಹೋಯಿತು.

"ಈಗಲಾದರೂ ತಿಳಿಯಿತೇ?"

"ತಿಳಿಯಿತು. ಚೆನ್ನಾಗಿದ್ದ ಆಟವನ್ನು ನೀನು ತಿದ್ದಲು ಹೋಗಿ ಕೆಡಿಸಿಬಿಟ್ಟೆ," ಎಂದ ಅಳಿಲು ಮೂಟೆಯನ್ನು ಹೆಗಲಿಗೇರಿಸಿತು. "ಪುಣ್ಯಕ್ಕೆ, ಆ ಪೇಟೆಗೆ ನೀನಿನ್ನೂ ಕೈ ಹಾಕಿಲ್ಲ."