ಮಾರ್ಥಳ ಮಾತಿಗೆ ವನ್ಸ್ ಮೋರ್

ಪೂಜ್ಯ ದೇವಮಿತ್ರ ಅಯ್ಯನವರು ಗದಗ ಸೀಮೆಯ ಮಗ್ಗದ ಓಣಿಯ ಕ್ರೈಸ್ತ ಸಭೆಗೆ ಪಾಲಕರಾಗಿದ್ದ ಕಾಲದಲ್ಲಿ ಅವರ ವಾಸಕ್ಕಿದ್ದದ್ದು ಎರಡೇ ಕೋಣೆ. ಒಂದರಲ್ಲಿ ಅಡುಗೆ, ನಿದ್ರೆ, ಪ್ರಾರ್ಥನೆ. ಇನ್ನೊಂದನ್ನು ಕಾಲಿನಿಂದ ಒತ್ತಿ ನುಡಿಸುವ ಹಾರ್ಮೋನಿಯಂ ಮತ್ತು ನಾಟಕದ ಪರದೆಗಳು ಆಕ್ರಮಿಸಿಕೊಂಡಿದ್ದವು. ಹಾರ್ಮೋನಿಯಮ್ಮಿಗೆ ಓಣಿಯವರು ಪೇಟಿ ಅನ್ನುತ್ತಿದ್ದರು. ಹೆರೋದ ಅರಸನ ರಟ್ಟಿನ ಕಿರೀಟ, ಅಯ್ಯನವರ ಊಟದ ತಾಟು ಎರಡೂ ಗೋಡೆಯ ಒಂದೇ ಗೂಡಿನಲ್ಲಿರುತ್ತಿದ್ದವು.

ದೀಕ್ಷೆ ಪಡೆಯುವ ಮೊದಲು ಅವರು ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದರು. ದೇವರ ಕರೆ ಬಂದಾಗ ಕಂಪನಿಯನ್ನು ಬಿಟ್ಟರೇ ಹೊರತು ಪೇಟಿಯನ್ನಲ್ಲ. “ನನ್ನ ಪ್ರಸಂಗ ಕೇಳಿ ಮಲಗಿದವ್ರು ಪದಾ ಕೇಳಿ ಏಳ್ತಾರ” ಎಂದು ತಾವೇ ನಗುತ್ತಿದ್ದರು. ಬೆಳಗಿನ ಪ್ರಾರ್ಥನೆಯ ಹಾಡನ್ನು ಅವರು ಓಣಿಯ ಮಗ್ಗಗಳ ಲಯಕ್ಕೆ ಹೊಂದಿಸಿ ನುಡಿಸುವರು. ಯಾವ ಮನೆಯ ಲಾಳಿ ನಿಂತರೂ ಅವರ ಕಿವಿಗೆ ತಿಳಿಯುತ್ತಿತ್ತು. ಮಧ್ಯಾಹ್ನದೊಳಗೆ ಆ ಮನೆಯ ಬಾಗಿಲಲ್ಲಿ ಅವರ ಚಪ್ಪಲಿ ಕಾಣುತ್ತಿತ್ತು.

ಅವರ ನಾಟಕಗಳಿಗೊಂದು ನೇಮವಿತ್ತು. ದೇವಕುಮಾರನಾದ ಸ್ವಾಮಿಯ ಪಾತ್ರವನ್ನು ಯಾರೂ ಹಾಕುವಂತಿರಲಿಲ್ಲ. ಸ್ವಾಮಿ ಬರುವ ಪ್ರವೇಶದಲ್ಲಿ ರಂಗದ ನಡುವೆ ಒಂದು ದೀಪವನ್ನು ಇಡುತ್ತಿದ್ದರು. ಸ್ವಾಮಿಯ ಮಾತುಗಳನ್ನು ಅಯ್ಯನವರೇ ಪಕ್ಕದಲ್ಲಿ ಪೇಟಿಗೆ ಕುಳಿತು ಹಾಡುತ್ತಿದ್ದರು.

ಎರಡನೆಯ ನೇಮವೊಂದು ಆಮೇಲೆ ಬಂತು, ದಾನೇಲಪ್ಪನ ದೆಸೆಯಿಂದ. ಈತ ನೇಕಾರ, ಹರೆಯದಲ್ಲಿ ಆರು ವರ್ಷ ಕಂಪನಿಯಲ್ಲಿ ಪಾರ್ಟು ಮಾಡಿದ್ದವ. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಜನ ‘ವನ್ಸ್ ಮೋರ್’ ಎಂದು ಕೂಗುವುದು, ನಟ ಅದನ್ನೇ ಮತ್ತೆ ಹಾಡುವುದು ರೂಢಿಯಷ್ಟೆ. ಬೈಬಲಿನ ಬಲಶಾಲಿ ಸಂಸೋನನ ನಾಟಕದಲ್ಲಿ ದಾನೇಲಪ್ಪ ಪ್ರಾಣ ಬಿಡುವ ಹಾಡು ಹಾಡಿ, ಕಂಬ ಕೆಡವಿ, ಅದರಡಿ ಸತ್ತು ಬಿದ್ದ. ಹಿಂದಿನ ಸಾಲಿನಿಂದ ಯಾರೋ ‘ವನ್ಸ್ ಮೋರ್’ ಅಂದರು. ದಾನೇಲಪ್ಪ ಕಂಬದಡಿಯಿಂದ ಎದ್ದು, ಮೊಳಕಾಲಿನ ಧೂಳು ಕೊಡವಿ, ಇಡೀ ಹಾಡನ್ನು ಹಾಡಿ ಮತ್ತೊಮ್ಮೆ ಸತ್ತ.

ಸಭೆಯ ಹಿರಿಯರಾದ ಎಲೀಷಪ್ಪನವರು ಮರುದಿನ ಛತ್ರಿ ಊರುತ್ತ ಬಂದರು.

“ಅಯ್ನೋರ, ಸತ್ತಾವ ಸತ್ತಾಂಗ ಬಿದ್ದಿರಬೇಕು. ಇದು ದೇವಾಲಯ, ಥೇಟರ ಅಲ್ಲ. ಇನ್ನ ಮ್ಯಾಲೆ ಯಾರರ ವನ್ಸ್ ಮೋರ್ ಅಂದ್ರ ನಾಟಕಾನ ಬಂದ್.”

“ಏನ್ ಮಾಡ್ಲಿರಿ ಹಿರ್ಯಾರ, ಕೂಗಿದ್ರ ನನ್ನ ಕಾಲು ನನ್ನ ಮಾತು ಕೇಳಂಗಿಲ್ಲ” ಎಂದ ಅಲ್ಲೇ ನಿಂತಿದ್ದ ದಾನೇಲಪ್ಪ.

ಅಯ್ಯನವರು ತಲೆಬಾಗಿ, ಇನ್ನು ಮುಂದೆ ಹಾಗಾಗದೆಂದು ಮಾತು ಕೊಟ್ಟರು.

ಆ ವರ್ಷವೇ ಓಣಿಯಲ್ಲಿ ಒಂದು ಮಗ್ಗ ನಿಂತಿತು. ರೂತವ್ವನ ತಮ್ಮ ಯೋನಪ್ಪನದು. ತಾಯಿತಂದೆ ಇಲ್ಲದ ತಮ್ಮನನ್ನು ರೂತವ್ವ ಎತ್ತಿ ಆಡಿಸಿ ಬೆಳೆಸಿದ್ದಳು. ಅವನು ನೇಯುವನು, ಇವಳು ಪಕ್ಕದಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ ಹಾಡುವಳು. ಸಭೆಯಲ್ಲೂ ಪೇಟಿಯ ಮಗ್ಗುಲಲ್ಲಿ ನಿಂತು ಮೊದಲ ಸ್ವರ ಎತ್ತುವವಳು ಅವಳೇ. ಯೋನಪ್ಪನಿಗೆ ಜ್ವರ ಬಂದು ಏರತೊಡಗಿದಾಗ ಅಯ್ಯನವರು ಬಂದು ಪ್ರಾರ್ಥಿಸಲೆಂದು ಹೇಳಿ ಕಳಿಸಿದಳು. ಅಯ್ಯನವರು ದೂರದ ಊರಿನ ಸಭೆಯಲ್ಲಿ ನಾಟಕ ಆಡಿಸಲು ಹೋಗಿದ್ದರು. ಸುದ್ದಿ ತಲುಪಿ ಅವರು ಹಿಂದಿರುಗುವಷ್ಟರಲ್ಲಿ ಏಳು ದಿನ ಕಳೆದು, ಯೋನಪ್ಪನ ಗುಣಿಗೆ ಮಣ್ಣು ಎಳೆಯುತ್ತಿದ್ದರು.

ಅಂದಿನಿಂದ ರೂತವ್ವ ಹಾಡಲಿಲ್ಲ. ದೇವಾಲಯಕ್ಕೂ ಬರಲಿಲ್ಲ. ಅರ್ಧ ನೇಯ್ದ ಸೀರೆ ಇದ್ದ ಮಗ್ಗಕ್ಕೆ ದುಪ್ಪಟಿ ಹೊದಿಸಿ, ಬೇರೆಯವರ ಮನೆಯ ಕಂಡಿಕೆ ಸುತ್ತಿ ದಿನ ನೂಕುತ್ತಿದ್ದಳು. ಅಯ್ಯನವರು ವಾರಕ್ಕೊಮ್ಮೆ ಹೋಗುವರು, ಹೊಸ್ತಿಲ ಮೇಲೆ ಕೂಡುವರು, ಅವಳು ಮಾತಾಡದಿದ್ದರೆ ಎದ್ದು ಬರುವರು. ಹೀಗೆ ಏಳು ತಿಂಗಳು.

ಗರಿ ಹಿಡಿದು ದೇವಾಲಯಕ್ಕೆ ಹೋಗುವ ಭಾನುವಾರದ ಗರಿಗಳ ಹಬ್ಬ ಸಮೀಪಿಸಿತು. ಅಯ್ಯನವರು ಲಾಜರನ ನಾಟಕ ಬರೆದಿದ್ದರು. ಲಾಜರನೆಂಬ ಸ್ನೇಹಿತ ಜಡ್ಡಿನಲ್ಲಿದ್ದಾನೆಂದು ಅವನ ಅಕ್ಕಂದಿರಾದ ಮಾರ್ಥ, ಮರಿಯರು ಸ್ವಾಮಿಗೆ ಹೇಳಿ ಕಳಿಸುತ್ತಾರೆ. ಸ್ವಾಮಿ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಅವನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿರುತ್ತದೆ. ಸ್ವಾಮಿ ಅವನನ್ನು ಕರೆದು ಎಬ್ಬಿಸುತ್ತಾರೆ.

ಈ ಸಲ ಅಯ್ಯನವರು ಹೊಸ್ತಿಲ ಮೇಲೆ ಕುಳಿತು, “ರೂತವ್ವಾ, ಮಾರ್ಥಳ ಪಾರ್ಟು ನೀ ಮಾಡಬೇಕು” ಎಂದರು.

ರೂತವ್ವ ಕೈಯಲ್ಲಿನ ನೂಲನ್ನು ಬಿಡಲಿಲ್ಲ. “ನಿಮ್ಮ ಲಾಜರ ನಾಕ ದಿನಕ್ಕ ಎದ್ದು ಬರ್ತಾನ, ಅಯ್ನೋರ. ನಮ್ಮ ಯೋನಪ್ಪ ಹೋಗಿ ಏಳು ತಿಂಗಳಾತು. ನಾ ಯಾವ ಮಾರಿ ಹೊತ್ಗೊಂಡು ಬರ್ಲಿ? ನನಗ ದೇವರ ಮ್ಯಾಲೆ ಸಿಟ್ಟೈತಿ. ನಿಮ್ಮ ಮ್ಯಾಲೂ ಐತಿ.”

“ಗೊತ್ತೈತಿ ತಂಗಿ. ಅದಕ್ಕ ನಿನ್ನ ಕೇಳಾಕ ಬಂದೀನಿ.” ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು ಕೊಟ್ಟರು.

ಅದರಲ್ಲಿ ಒಂದೇ ಸಾಲಿತ್ತು: ನೀ ಇಲ್ಲಿದ್ದಿದ್ರ ನನ್ನ ತಮ್ಮ ಸಾಯ್ತಿದ್ದಿಲ್ಲ.

ರೂತವ್ವ ನೂಲನ್ನು ಕೆಳಗಿಟ್ಟು ಅದನ್ನು ಓದಿದಳು.

“ಇದನ್ನ ಮಾರ್ಥ ಅಂದಾಳೇನು?”

“ಅಂದಾಳ. ಸ್ವಾಮಿಗೆ ಎದುರಾ ಎದುರು ನಿಂತು ಅಂದಾಳ.”

“ಹಂಗಾರ ಇದೊಂದು ಅಂದು ಮನಿಗೆ ಬರ್ತೀನಿ. ಸತ್ತಾವ ಏಳೂದನ್ನ ನೋಡಾಕ ನಾ ನಿಂದ್ರಂಗಿಲ್ಲ.”

“ಆಗಲಿ.”

ಹಬ್ಬದ ಹಿಂದಿನ ಶನಿವಾರ ಇಳಿಹೊತ್ತಿಗೆ ದೇವಾಲಯದ ಅಂಗಳದಲ್ಲಿ ಪರದೆ ಎದ್ದಿತು. ಚಾಪೆಗಳ ಮೇಲೆ ಓಣಿಯೆಲ್ಲ ಕುಳಿತಿತ್ತು; ಎಲೀಷಪ್ಪನವರು ಮುಂದಿನ ಕುರ್ಚಿಯಲ್ಲಿ. ದಾನೇಲಪ್ಪನೇ ಲಾಜರ. ಅವನ ಮೈಗೆ ಬಿಳಿಯ ಬಟ್ಟೆ ಸುತ್ತಿ, ಪರದೆಯ ಮರೆಯಲ್ಲಿ ಬೆಂಚಿನ ಮೇಲೆ ಮಲಗಿಸಿ, ಹೆಸರು ಹಿಡಿದು ಕರೆಯುವ ತನಕ ಏಳಬಾರದೆಂದು ಆಣೆ ಮಾಡಿಸಿದ್ದರು.

ದೀಪ ಬಂತು. ರೂತವ್ವ ಮನೆಯಲ್ಲಿ ಉಟ್ಟ ಸೀರೆಯಲ್ಲೇ ಬಂದು ಅದರ ಮುಂದೆ ನಿಂತಳು. ಏಳು ತಿಂಗಳು ಬಳಸದ ಗಂಟಲು. ಸಾಲನ್ನು ಹಾಡಿದಳು. ಸ್ವರ ಒಡೆದಿತ್ತು, ಆದರೂ ಕೊನೆಯ ಚಾಪೆಗೂ ಕೇಳಿಸಿತು.

ಇನ್ನು ಅಯ್ಯನವರು ಸ್ವಾಮಿಯ ಉತ್ತರವನ್ನು ಹಾಡಬೇಕು: ನಿನ್ನ ತಮ್ಮ ಎದ್ದು ಬರ್ತಾನ. ಅವರ ಬೆರಳು ಪೇಟಿಯ ಸ್ವರದ ಮನೆಗಳ ಮೇಲಿತ್ತು, ಒತ್ತಲಿಲ್ಲ. ಜನ ಕಾದರು. ಅವರು ಮಾತು ಮರೆತರೆಂದು ಕೆಲವರು ಭಾವಿಸಿದರು.

ಅಯ್ಯನವರು ಪೇಟಿಯಿಂದ ಕೈ ತೆಗೆದು, ತಗ್ಗಿದ ದನಿಯಲ್ಲಿ, “ವನ್ಸ್ ಮೋರ್” ಎಂದರು.

ಎಲೀಷಪ್ಪನವರ ಛತ್ರಿ ನೆಲಕ್ಕೆ ಬಿತ್ತು. ಪರದೆಯ ಹಿಂದೆ ದಾನೇಲಪ್ಪ ಎರಡೂ ಕೈಗಳಿಂದ ಬೆಂಚನ್ನು ಬಿಗಿಹಿಡಿದು ಮಲಗಿದ. ಹಾಗೆ ಹಿಡಿದುಕೊಳ್ಳದಿದ್ದರೆ ಅಂದೂ ಎದ್ದೇಬಿಡುತ್ತಿದ್ದೆ ಎಂದು ಅವನು ಕೊನೆತನಕ ಹೇಳಿಕೊಳ್ಳುತ್ತಿದ್ದ.

ರೂತವ್ವ ಅಯ್ಯನವರನ್ನು ನೋಡಿದಳು, ಆಮೇಲೆ ದೀಪವನ್ನು. ಈ ಸಲ ಹಾಡಲಿಲ್ಲ.

“ನೀ ಇಲ್ಲಿದ್ದಿದ್ರ ನನ್ನ ತಮ್ಮ ಸಾಯ್ತಿದ್ದಿಲ್ಲ” ಎಂದಳು. ಅಲ್ಲಿಗೆ ಚೀಟಿಯ ಸಾಲು ಮುಗಿಯಿತು. ಅವಳ ಮಾತು ಮುಗಿಯಲಿಲ್ಲ. “ಹೇಳಿ ಕಳಿಸಿದ್ದೆ. ಏಳು ದಿನ ಬಾಗಲಾ ನೋಡಿದೆ. ಅವ ನೀರು ಕೇಳಿದಾಗೆಲ್ಲ, ತಡಿಯೋ, ಬರ್ತಾರ ಅಂದೆ. ಎಲ್ಲಿದ್ದಿ ನೀ?”

ಅಯ್ಯನವರು ಕನ್ನಡಕ ತೆಗೆದರು. ಸ್ವಾಮಿಯ ಉತ್ತರವನ್ನು ಹಾಡಬೇಕಾದವರು ಮುಖ ಮುಚ್ಚಿಕೊಳ್ಳದೆ, ಎಲ್ಲರೆದುರು ಅತ್ತರು. ರೂತವ್ವ ನಿಂತೇ ಇದ್ದಳು. ಅಯ್ಯನವರು ಅಳುವುದನ್ನು ಕಂಡ ಮೇಲೆ ಅವಳಿಗೂ, ಮಣ್ಣು ಕೊಟ್ಟ ದಿನ ಬಾರದ ಅಳು ಬಂತು.

ಬಹಳ ಹೊತ್ತಿನ ಮೇಲೆ ಪೇಟಿ ನುಡಿಯಿತು. ಅಯ್ಯನವರು ಲಾಜರನನ್ನು ಹೆಸರು ಹಿಡಿದು ಕರೆದರು. ದಾನೇಲಪ್ಪ ಬಟ್ಟೆಯೊಳಗೆ ತೊಡರುತ್ತ ಬಂದ. ಕಟ್ಟು ಬಿಚ್ಚಬೇಕಾದ ನೆರೆಹೊರೆಯ ಪಾತ್ರದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಗೆ ಹೋಗುತ್ತೇನೆಂದಿದ್ದ ರೂತವ್ವ ಮುಂದೆ ಬಂದು, ತಾನೇ ಅವನ ಮೈಯ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಕಂಡಿಕೆ ಸುತ್ತಿದ ಕೈ, ಒಂದೂ ಗಂಟು ಬೀಳಲಿಲ್ಲ.

“ನೀ ಎದ್ದಿ, ದಾನೇಲಣ್ಣ” ಎಂದು ಮೆಲ್ಲಗೆ ಹೇಳಿದಳು. “ನಮ್ಮ ಯೋನಪ್ಪ ಇನ್ನೂ ಎದ್ದಿಲ್ಲ, ಅಷ್ಟ.”

ಜನ ಚಾಪೆ ಮಡಚುವಾಗ ಎಲೀಷಪ್ಪನವರು ಪೇಟಿಯ ಬಳಿ ಬಂದು ನಿಂತರು. “ಮಾತು ಕೊಟ್ಟಿದ್ರಿ, ಅಯ್ನೋರ.”

“ತಪ್ಪಾತು, ಹಿರ್ಯಾರ. ಆದ್ರ ಆ ಮಾತು ಸತ್ಯವೇದದಾಗೂ ಎರಡು ಸಲ ಬಂದೈತಿ. ಮೊದಲ ಮಾರ್ಥ ಅಂದಳು. ಆಮ್ಯಾಲೆ ಮರಿಯ ಬಂದು ಅದನ್ನ ಅಂದಳು. ಸ್ವಾಮಿ ಇಬ್ಬರಿಗೂ ಸಾಕು ಅನ್ಲಿಲ್ಲ. ಕೇಳಿದ. ಅತ್ತ.”

ಎಲೀಷಪ್ಪನವರು ಛತ್ರಿಯ ಮಣ್ಣನ್ನು ಒರೆಸುತ್ತ ಯೋಚಿಸಿದರು. “ಹಂಗಾರ ಆ ಒಂದು ಮಾತಿಗೆ ಇರ್ಲಿ” ಎಂದರು. “ದಾನೇಲಪ್ಪಗ ಬ್ಯಾಡ.”

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಆರೇಳು ಜನ ಸೇರಿದ್ದರು. ಅಯ್ಯನವರು ಪೇಟಿಗೆ ಕುಳಿತವರು ಎಂದಿನಂತೆ ಓಣಿಯ ಕಡೆ ಕಿವಿಗೊಟ್ಟರು. ಮಗ್ಗಗಳ ಸದ್ದಿನ ನಡುವೆ ಒಂದು ಹೊಸ ಸದ್ದಿತ್ತು. ಲಾಳಿ ಒಮ್ಮೆ ಹಾಯ್ದು ನಿಲ್ಲುವುದು, ತಡೆದು ಮತ್ತೊಮ್ಮೆ ಹಾಯುವುದು. ಕಂಡಿಕೆ ಸುತ್ತುವುದನ್ನಷ್ಟೇ ಬಲ್ಲ ರೂತವ್ವ ತಮ್ಮನ ಮಗ್ಗಕ್ಕಿಳಿದು, ಉಳಿದ ಅರ್ಧ ಸೀರೆಯನ್ನು ನೇಯುತ್ತಿದ್ದಳು.

ಅಯ್ಯನವರು ಉಳಿದೆಲ್ಲ ಮಗ್ಗಗಳನ್ನು ಬಿಟ್ಟು ಆ ಒಂದರ ಲಯವನ್ನು ಹಿಡಿದರು. ಅಂದಿನ ಹಾಡು ತೀರ ನಿಧಾನವಾಗಿ, ನಿಂತು ನಿಂತು ಸಾಗಿತು. ಬಂದವರೂ ಅವಸರಪಡದೆ, ಅದೇ ನಡೆಯಲ್ಲಿ, ಕೊನೆಯ ಚರಣದವರೆಗೆ ಹಾಡಿದರು.