ಎರಡು ಹರಿಗೋಲು, ಒಬ್ಬ ಮಗಳು

"ಗುರುಗಳೇ, ತಪ್ಪು ಮಾಡೋದನ್ನ ಕಲಿಸೋದೂ ಒಂದು ಪಾಠವಾ?"

ಪಂಪಾಪತಿ ಹೀಗೆ ಕೇಳಿದಾಗ ಗುರುಗಳಿಗೆ ನಗು ಬಂತು. ಪ್ರಶ್ನೆ ಯಾರ ಮೇಲಿನದೆಂದು ಅವರಿಗೆ ಗೊತ್ತಿತ್ತು. ಆಂಬುಲೆನ್ಸ್ ಕೇಂದ್ರದಲ್ಲಿ ಹೊಸದಾಗಿ ಫೋನ್ ಎತ್ತುವವರಿಗೆ ಕಂಪ್ಯೂಟರಿನಲ್ಲೇ ಅಭ್ಯಾಸವಾಗುವಂಥ ಪಾಠ ಬೇಕಾಗಿತ್ತು. ಗುರುಗಳ ಇಬ್ಬರು ಶಿಷ್ಯರು, ಪಂಪಾಪತಿ ಮತ್ತು ಸುವರ್ಣಾ, ಒಂದೊಂದು ಮಾಡಿದ್ದರು. ಕೇಂದ್ರದವರು ಇಟ್ಟುಕೊಳ್ಳುವುದು ಒಂದನ್ನೇ. ಯಾವುದನ್ನೆಂದು ಗುರುಗಳು ಮರುದಿನ ಹೇಳಬೇಕಿತ್ತು.

ಪಂಪಾಪತಿಯ ಪಾಠದಲ್ಲಿ ತಪ್ಪಲು ಎಡೆಯೇ ಇರಲಿಲ್ಲ. ಕರೆ ಮಾಡಿದವನು 'ಹನುಮಪ್ಪನ ಗುಡಿ ಹತ್ರ' ಅನ್ನುತ್ತಾನೆ. ಹನುಮಪ್ಪನ ಗುಡಿಯಿಲ್ಲದ ಊರುಂಟೇ? ಯಾವ ಊರೆಂದು ಕೇಳದೆ ಗಾಡಿ ಕಳಿಸಲು ಹೋದರೆ ಗುಂಡಿ ಒತ್ತಲಾಗುವುದೇ ಇಲ್ಲ. 'ಊರು ಕೇಳಿ' ಎಂದು ತೆರೆಯ ಮೇಲೆ ಬರುತ್ತದೆ. ಕಲಿತವರೆಲ್ಲರಿಗೂ ನೂರಕ್ಕೆ ನೂರು. ಸುವರ್ಣಾಳ ಪಾಠದಲ್ಲಿ ಗಾಡಿ ಹೊರಟೇ ಬಿಡುತ್ತದೆ, ಬೇರೆ ಯಾವುದೋ ಊರಿನ ಹನುಮಪ್ಪನ ಗುಡಿಗೆ. ಸ್ವಲ್ಪ ಹೊತ್ತಿಗೆ ಅದೇ ದನಿ ಮತ್ತೆ ಕರೆ ಮಾಡುತ್ತದೆ: 'ಎಲ್ಲಿದ್ದೀರಿ ಸಾರ್?' ಆಮೇಲೆ ಕರೆ ಬರುವುದಿಲ್ಲ. ಕಲಿಯುವವರು ಬೆವರುತ್ತಾರೆ. ಒಬ್ಬಳಂತೂ ಅತ್ತೇಬಿಟ್ಟಿದ್ದಳು. ಆದರೂ ಊಟದ ಬಿಡುವಿನಲ್ಲಿ ಜನ ಸಾಲು ನಿಲ್ಲುತ್ತಿದ್ದದ್ದು ಸುವರ್ಣಾಳ ಕಂಪ್ಯೂಟರಿನ ಮುಂದೆಯೇ. ಅದನ್ನು ನೋಡಿ ನೋಡಿ ಪಂಪಾಪತಿಗೆ ಅನ್ನ ಸೇರುತ್ತಿರಲಿಲ್ಲ. ಅವಳು ತನಗಿಂತ ಎರಡು ವರ್ಷ ತಡವಾಗಿ ಬಂದವಳು ಬೇರೆ.

"ನನ್ನ ಪಾಠದಲ್ಲಿ ಯಾರೂ ತಪ್ಪು ಮಾಡಲ್ಲ. ಅವಳದರಲ್ಲಿ ಎಲ್ಲರೂ ಮಾಡ್ತಾರೆ. ಅದನ್ನ ತೆಗೆಸಿಬಿಡಿ ಗುರುಗಳೇ," ಎಂದ.

ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಇಬ್ಬರು ಅಂಬಿಗರಿದ್ದರು. ಇಬ್ಬರೂ ಹರಿಗೋಲು ನಡೆಸುವುದನ್ನು ಕಲಿಸುತ್ತಿದ್ದರು. ಹರಿಗೋಲು ಬುಟ್ಟಿಯಂತೆ ದುಂಡಗಿನದು. ಹುಟ್ಟನ್ನು ಮುಂದೆ ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹೊಸಬರು ದೋಣಿಯೆಂದುಕೊಂಡು ಪಕ್ಕಕ್ಕೆ ಹಾಕುತ್ತಾರೆ. ಅದು ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಗಾಬರಿಯಿಂದ ಎದ್ದು ನಿಂತರೆ ಮುಗಿಯಿತು, ಮಗುಚುತ್ತದೆ.

ಹಿರಿಯ ಅಂಬಿಗ ಶಿಷ್ಯನ ಜೊತೆಗೇ ಕೂರುತ್ತಿದ್ದ. ಹುಟ್ಟು ಪಕ್ಕಕ್ಕೆ ಹೋಯಿತೆನ್ನುವಷ್ಟರಲ್ಲಿ ಕೈ ಹಿಡಿಯುತ್ತಿದ್ದ. ಅವನ ಶಿಷ್ಯರ ಪಂಚೆ ಎಂದೂ ನೆನೆದದ್ದಿಲ್ಲ. ಕಿರಿಯ ಅಂಬಿಗ ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ, ಹರಿಗೋಲಿಗೆ ಹಗ್ಗ ಕಟ್ಟಿ ಶಿಷ್ಯನೊಬ್ಬನನ್ನೇ ಕೂರಿಸಿ, ತಾನು ಎಲೆಅಡಿಕೆ ಹಾಕಿಕೊಂಡು ನೋಡುತ್ತಿದ್ದ. ಶಿಷ್ಯ ತಿರುಗುತ್ತಿದ್ದ, ಬೀಳುತ್ತಿದ್ದ, ನೀರು ಕುಡಿದು ಎದ್ದು ಬರುತ್ತಿದ್ದ. "ಯಾಕೆ ಬಿದ್ದೆ?" ಎಂದಷ್ಟೇ ಕೇಳಿ ಅಂಬಿಗ ಅವನನ್ನು ಮತ್ತೆ ಹತ್ತಿಸುತ್ತಿದ್ದ.

ಊರವರು ಮೊದಲು ನಕ್ಕರು. ಆಮೇಲೆ ಮಕ್ಕಳನ್ನು ಕಿರಿಯನ ಹತ್ತಿರವೇ ಕಳಿಸತೊಡಗಿದರು. ಹಿರಿಯನ ಹೊಟ್ಟೆಗೆ ಬೆಂಕಿ ಬಿತ್ತು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಅವನು ಊರ ಗೌಡನಲ್ಲಿಗೆ ಹೋಗಿ, "ಅವನು ಊರ ಮಕ್ಕಳನ್ನ ಮುಳುಗಿಸ್ತಾನೆ. ಕಲಿಸೋದನ್ನ ನಿಲ್ಲಿಸಿ," ಎಂದ.

"ಹಿರಿಯ ನೀನು. ನಾಳೆ ನಾಲ್ಕು ಜನರ ಮುಂದೆ ಇದೇ ಮಾತು ಹೇಳು, ನಿಲ್ಲಿಸ್ತೀನಿ," ಎಂದ ಗೌಡ.

ಇಷ್ಟು ಕೇಳುವಷ್ಟರಲ್ಲಿ ಪಂಪಾಪತಿ ಮನಸ್ಸಿನಲ್ಲೇ ಹಿರಿಯ ಅಂಬಿಗನ ಪಕ್ಷ ಸೇರಿಬಿಟ್ಟಿದ್ದ. ಗುರುಗಳು ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಹಿರಿಯನ ಮಗಳಿಗೆ ಹೆರಿಗೆನೋವು ಬಂತು. ಮಗು ಅಡ್ಡ ತಿರುಗಿತ್ತು. ಅದನ್ನು ಸರಿಮಾಡಬಲ್ಲ ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ. ಅವಳಿಗೆ ತುಂಬ ವಯಸ್ಸು, ಕರೆತರುವಂತಿರಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು. ಹಿರಿಯನ ಭುಜದ ಕೀಲು ತಪ್ಪಿ ವಾರವಾಗಿತ್ತು. ಹುಟ್ಟು ಹಾಕುವುದಿರಲಿ, ಪಕ್ಕದಲ್ಲಿ ಕೂತು ಇನ್ನೊಬ್ಬರ ಕೈ ಹಿಡಿಯಲೂ ಅವನಿಗೆ ಆಗುತ್ತಿರಲಿಲ್ಲ. ಕಿರಿಯ ಅಂಬಿಗ ಹಿಂದಿನ ದಿನವೇ ಹೊಳೆ ದಾಟಿ ಹೋಗಿದ್ದ. ದಡದಲ್ಲಿ ಎರಡು ಹರಿಗೋಲುಗಳಿದ್ದವು. ಒಂದರಲ್ಲಿ ಎಂದೂ ನೆನೆಯದ ಹಿರಿಯನ ಶಿಷ್ಯ. ಇನ್ನೊಂದರಲ್ಲಿ ನಲವತ್ತು ಸಲ ಬಿದ್ದೆದ್ದ ಕಿರಿಯನ ಶಿಷ್ಯ. ಇಬ್ಬರೂ, "ಕೂರಿಸಣ್ಣಾ, ದಾಟಿಸ್ತೀನಿ," ಎಂದರು. ಗೌಡನೂ ಊರಿನ ನಾಲ್ಕು ಜನರೂ ದಡದಲ್ಲೇ ನಿಂತಿದ್ದರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಪಂಪಾಪತಿಗೆ ತಡೆಯಲಾಗಲಿಲ್ಲ. "ಯಾವುದರಲ್ಲಿ ಕೂರಿಸಿದ, ಗುರುಗಳೇ?"

"ನಿಮ್ಮವ್ವನಿಗೆ ಎದೆನೋವು ಬಂದ ದಿನ ಫೋನ್ ಎತ್ತೋರು ಯಾರ ಪಾಠ ಕಲಿತಿರಬೇಕು ಅನ್ನೋದನ್ನ ನೀನೇ ಹೇಳು ಪಂಪಾಪತಿ, ನಾಳೆ ಕೇಂದ್ರದವರಿಗೆ ನಾನೂ ಅದನ್ನೇ ಹೇಳ್ತೀನಿ."